ನಾನು ಸುಮ್ಮನಿದ್ದಾಗ ಸಭೆ ಸೇರುವ ವಿಭಾಗಗಳಿಗೆ

ನನ್ನ ತಲೆಯೊಳಗೆ ಮುಂದೆ, ಹಿಂದೆ, ಅಕ್ಕಪಕ್ಕ ಬಿಡಾರ ಹೂಡಿರುವ ಸಮಸ್ತ ವಿಭಾಗಗಳ ಗೌರವಾನ್ವಿತ ಮುಖ್ಯಸ್ಥರ ಸನ್ನಿಧಿಗೆ, ಅದೇ ತಲೆಯನ್ನು ಐವತ್ತೆರಡು ವರ್ಷಗಳಿಂದ ಹೊತ್ತು ತಿರುಗುತ್ತಿರುವ ಕೋಟು ಹೊಲಿಯುವವನ ಸವಿನಯ ವಂದನೆಗಳು.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ಹೋದ ವಾರ ಕಣ್ಣಾರೆ ಕಂಡಿದ್ದೇನೆ. ನನ್ನ ಅಂಗಡಿಗೆ ಬಟ್ಟೆ ಹೊಲಿಸಲು ಬಂದ ಮೆದುಳಿನ ಡಾಕ್ಟರಮ್ಮ ತಮ್ಮ ಸಂಶೋಧನೆಗೆ ಆರೋಗ್ಯವಂತರ ತಲೆ ಬೇಕಾಗಿದೆ ಎಂದರು. ನನ್ನ ತಲೆಯನ್ನು ಯಾರಾದರೂ ಬೇಕೆಂದು ಕೇಳಿದ್ದು ಅದೇ ಮೊದಲಾದ್ದರಿಂದ ಒಪ್ಪಿಕೊಂಡೆ. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, "ಏನೂ ಮಾಡ್ಬೇಡಿ, ನಿದ್ದೆ ಮಾತ್ರ ಹೋಗ್ಬೇಡಿ, ಹತ್ತು ನಿಮಿಷ ಸುಮ್ನಿರಿ" ಎಂದರು. ನಾನು ಸುಮ್ಮನಿದ್ದೆ. ತಾವು ಇರಲಿಲ್ಲ.

ಆಮೇಲೆ ಅವರು ಪರದೆಯ ಮೇಲೆ ತೋರಿಸಿದ ಚಿತ್ರದಲ್ಲಿ, ಹಣೆಯ ಹಿಂದಿನ ವಿಭಾಗ ಏರಿದಾಗ ಅಷ್ಟು ದೂರದ ಹಿಂಬದಿಯ ವಿಭಾಗವೂ ಏರುತ್ತಿತ್ತು, ಅದು ಇಳಿದಾಗ ಇದೂ ಇಳಿಯುತ್ತಿತ್ತು, ಕಿವಿಯ ಮೇಲ್ಗಡೆಯವರೂ ತಾಳ ತಪ್ಪದೆ ಜೊತೆಗೂಡಿದ್ದರು. ಕೈಗೆ ಕೆಲಸ ಕೊಟ್ಟರೆ ತಣ್ಣಗಾಗುವ ಈ ಕೂಟ ಕೆಲಸವಿಲ್ಲದಾಗಲೇ ಬಿರುಸಾಗಿ ಮಾತಿಗೆ ಕೂರುತ್ತದಂತೆ. ಮೈಯ ಕಸುವಿನಲ್ಲಿ ಐದರಲ್ಲೊಂದು ಪಾಲು ತಮಗೇ ಸಲ್ಲುತ್ತದಂತೆ, ನಾನು ಸುಮ್ಮನೆ ಬಿದ್ದುಕೊಂಡರೂ ಆ ಪಾಲು ಹೆಚ್ಚೇನೂ ತಗ್ಗುವುದಿಲ್ಲವಂತೆ. ಯಜಮಾನ ಮಲಗಿದ್ದಾಗಲೂ ಹೀಗೆ ದುಡಿಯುವ ಸಿಬ್ಬಂದಿ ಬೇರೆ ಯಾವ ಕಚೇರಿಗೆ ದಕ್ಕೀತು? "ಏನು ಮಾತಾಡ್ಕೊಳ್ತವೆ ಅನ್ನೋದು ಮಾತ್ರ ನಮಗೆ ಗೊತ್ತಾಗಲ್ಲ" ಎಂದು ಡಾಕ್ಟರಮ್ಮ ನಕ್ಕರು. ನನಗೆ ಗೊತ್ತಿತ್ತು, ನಾಚಿಕೆಯಾಗಿ ಹೇಳಲಿಲ್ಲ.

ತಾವು ಎಂಟು ತಿಂಗಳಿಂದ ನನ್ನ ಅಕ್ಕನ ಎಡತೋಳಿನ ವಿಷಯವನ್ನೇ ಚರ್ಚಿಸುತ್ತಿದ್ದೀರಿ. ಇದು ಬಹಿರಂಗ ಪತ್ರವಾದ್ದರಿಂದ ಹೊರಗಿನವರಿಗಾಗಿ ವಿವರಿಸುತ್ತೇನೆ. ಶಾಲೆಯಿಂದ ನಿವೃತ್ತಳಾಗುವ ದಿನ ತೊಡಲೆಂದು ಅಕ್ಕ ನನ್ನಲ್ಲಿ ಒಂದು ಕೋಟು ಹೊಲಿಸಿದಳು. ನನ್ನ ಅಂಗಡಿಯಲ್ಲಿ ಒಂದೇ ಕೈಯ ಅಳತೆ ತೆಗೆದು, ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಎರಡೂ ತೋಳನ್ನು ಒಟ್ಟಿಗೆ ಕತ್ತರಿಸುವುದು ರೂಢಿ. ಅವಳ ಬಲಗೈ ಅಳೆದು ಹಾಗೆಯೇ ಕತ್ತರಿಸಿದೆ. ತೊಟ್ಟು ನೋಡಿದಾಗ ಎಡತೋಳು ಬೆರಳ ಗೆಣ್ಣಿನವರೆಗೆ ಇಳಿಯಿತು. "ಇದ್ಯಾಕೋ ಉದ್ದ ಆಯ್ತಲ್ಲ" ಎಂದಳು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು "ತೋಳು ಸರಿಯಾಗೇ ಇದೆ ಅಕ್ಕಾ, ನಿನ್ನ ಕೈಯೇ ಗಿಡ್ಡ" ಎಂದೆ. ಗಿರಾಕಿಗಳು ನಕ್ಕರು. ಅಕ್ಕ ಕೋಟು ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟು ಹೊರಟುಹೋದಳು. ನಿವೃತ್ತಿಯ ದಿನ ಹಳೆಯ ಸ್ವೆಟರಿನಲ್ಲೇ ಹೋದಳೆಂದು ಭಾವನಿಂದ ತಿಳಿಯಿತು.

ಆ ಕೈ ಗಿಡ್ಡವಾದದ್ದು ನನ್ನಿಂದ. ನಾನು ಎರಡು ವರ್ಷದವನಿದ್ದಾಗ ಹತ್ತು ವರ್ಷದ ಅಕ್ಕ ನನ್ನನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲಿಳಿಯುತ್ತಾ ಜಾರಿದಳು. ನನ್ನನ್ನು ಬಿಟ್ಟಿದ್ದರೆ ಗೋಡೆ ಹಿಡಿದುಕೊಳ್ಳಬಹುದಿತ್ತು, ಬಿಡಲಿಲ್ಲ. ಮುರಿದ ಎಡಗೈ ಮೂಳೆ ಕೂಡಿತು, ಆದರೆ ಆ ಕೈ ಮತ್ತೆ ಬಲಗೈಯ ಸಮಕ್ಕೆ ಬೆಳೆಯಲಿಲ್ಲ.

ಅಕ್ಕ ಕೋಟು ಬಿಟ್ಟುಹೋದ ದಿನದಿಂದ ತಾವು ತೋರುತ್ತಿರುವ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಇಸ್ತ್ರಿಪೆಟ್ಟಿಗೆ ಕಾಯಲೆಂದು ನಾನು ಎರಡು ನಿಮಿಷ ನಿಂತರೆ ಸಭೆ, ಕ್ಷೌರದ ಕುರ್ಚಿಯಲ್ಲಿ ಕೂತರೆ ಸಭೆ, ಮೈಗೆ ಸೋಪು ಹಚ್ಚಿಕೊಂಡರೆ ತುರ್ತುಸಭೆ. ನೆನಪಿನ ವಿಭಾಗದವರು ಅಕ್ಕ ಕೋಟು ಮಡಚಿದ ರೀತಿಯನ್ನು ಪ್ರತಿ ಸಲವೂ ಹೊಸದಾಗಿ ಮಂಡಿಸುತ್ತಾರೆ. ಹಣೆಯ ಹಿಂದಿನವರು ನನ್ನ ಪರವಾಗಿ ಜಾಣ ಉತ್ತರಗಳನ್ನು ಬರೆಯುತ್ತಾರೆ: ತಮಾಷೆಗೆ ಅಂದದ್ದು, ಅವಳೇ ಮೊದಲು ನೆನಪಿಸಬಹುದಿತ್ತು, ಒಡಹುಟ್ಟಿದವರಲ್ಲಿ ಇಷ್ಟೂ ಸಲಿಗೆ ಬೇಡವೇ, ಹೀಗೆ ಇಲ್ಲಿಯವರೆಗೆ ನಲವತ್ತೊಂದು. ಮುಂದಿನದನ್ನು ಕಲ್ಪಿಸುವವರಂತೂ ಅಕ್ಕನೇ ಬಂದು ನನ್ನ ಕ್ಷಮೆ ಕೇಳುವ ದೃಶ್ಯವನ್ನು ಎರಡು ಸಲ ಆಡಿಸಿ ತೋರಿಸಿದರು, ನಾನು ಉದಾರವಾಗಿ ಕ್ಷಮಿಸಿಯೂ ಬಿಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇಷ್ಟು ಅಚ್ಚುಕಟ್ಟಾಗಿ ಎಲ್ಲೂ ನಡೆಯಲಾರದು. ಆ ದಿನ ಮಾತು ನಾಲಿಗೆಗೆ ಬರುವ ಹೊತ್ತಿಗೆ ತಮ್ಮಲ್ಲೊಬ್ಬರು ಮೆಟ್ಟಿಲಿನ ನೆನಪನ್ನು ಮುಂದಕ್ಕೆ ದಾಟಿಸಿದ್ದರೆ ಸಾಕಿತ್ತು. ಆದರೆ ನಾನಾಗ ಕೆಲಸದಲ್ಲಿದ್ದೆ, ತಾವು ರಜೆಯಲ್ಲಿದ್ದಿರಿ, ಯಾರನ್ನು ದೂರಲಿ.

ಆದ್ದರಿಂದ ಇನ್ನು ಮುಂದಾದರೂ ಸಭೆಯನ್ನು ಬಾಯಿ ತೆರೆಯುವ ಮೊದಲೇ ಕರೆಯಬೇಕೆಂದು, ಆಗದಿದ್ದರೆ ವಾರಕ್ಕೊಂದು ದಿನ ಹೂವು ಹಣ್ಣು ಹವಾಮಾನದ ಬಗ್ಗೆ ಮಾತಾಡಿಕೊಳ್ಳಬೇಕೆಂದು, ಅದೂ ಆಗದಿದ್ದರೆ ನನ್ನ ತಲೆ ಖಾಲಿ ಮಾಡಿ ಬೇರೆ ತಲೆ ನೋಡಿಕೊಳ್ಳಬೇಕೆಂದು ಕೋರುತ್ತೇನೆ. ಇವೆಲ್ಲ ಕಷ್ಟವೆನಿಸಿದರೆ ಒಂದನ್ನಾದರೂ ನಡೆಸಿಕೊಡಿ. ನಾಳೆ ಬೆಳಗ್ಗೆ ಹತ್ತಕ್ಕೆ ನಾನು ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅವಳು ಬಾಗಿಲು ತೆಗೆಯದಿದ್ದರೆ ಎಂದು ನನಗೆ ಭಯವಿದೆ, ತೆಗೆದರೆ ಇನ್ನೂ ಭಯ. ಆ ಹತ್ತು ನಿಮಿಷ ತಾವೆಲ್ಲ ದಯಮಾಡಿ ಬಾಯಿ ಮುಚ್ಚಿಕೊಂಡಿರಿ.

ತಮ್ಮ ಸಭೆಗಳಿಗೆ ಜಾಗ ಕೊಟ್ಟೂ ಆಹ್ವಾನವಿಲ್ಲದ,
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಹೋಗಿಬಂದೆ. ಅಕ್ಕ ಬಾಗಿಲು ತೆಗೆದಳು. ತಾವು ಮಾತು ಉಳಿಸಿಕೊಂಡಿರಿ, ಒಬ್ಬರೂ ಸೊಲ್ಲೆತ್ತಲಿಲ್ಲ. ನಲವತ್ತೊಂದು ಉತ್ತರಗಳಲ್ಲಿ ಒಂದೂ ಬಾಯಿಗೆ ಬರದೆ, ಅಳತೆಯ ಟೇಪು ಹಿಡಿದು ಹೊಸ್ತಿಲಲ್ಲೇ ಅತ್ತುಬಿಟ್ಟೆ. ಅಕ್ಕ ಎಡಗೈ ಚಾಚಿ, "ತಗೋ, ಈ ಸಲ ಎರಡೂ ತಗೋ" ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ತಾವು ಮತ್ತೆ ಸಭೆ ಸೇರಿ, ಅಳುವ ಬದಲು ನಾನು ಹೇಳಬಹುದಾಗಿದ್ದ ನಲವತ್ತೆರಡನೆಯ ಉತ್ತರವನ್ನು ಸಿದ್ಧಪಡಿಸಿದ್ದು ನನ್ನ ಗಮನಕ್ಕೆ ಬಂದಿದೆ. ಬಹಳ ಚೆನ್ನಾಗಿದೆ, ತಮ್ಮಲ್ಲೇ ಇಟ್ಟುಕೊಳ್ಳಿ. ನಾನು ತೋಳು ಕತ್ತರಿಸುತ್ತಿದ್ದೇನೆ, ಒಂದೊಂದಾಗಿ.