ಎಂಗೆಲ್ಬರ್ಟನ ಗೇಟಿಗೆ ಪೊರಕೆ

ಅಧಿಕಾರಿ ಬರುವ ದಿನ ಅಂಗಳ ಚೊಕ್ಕಟವಾಗಿರಲಿ ಎಂದು ಎಂಗೆಲ್ಬರ್ಟ್ ಕ್ರಿಂಗ್ಸ್ ಬೆಳಗ್ಗೆಯೇ ಕಲ್ಲುಹಾಸನ್ನು ತಿಕ್ಕಿ ತೊಳೆದ. ಒದ್ದೆಯಾದ ಕಡ್ಡಿಪೊರಕೆಯನ್ನು ಒಣಗಲೆಂದು ಗೇಟಿನ ಕೊಕ್ಕೆಗೆ ಸಿಕ್ಕಿಸಿ ಒಳಗೆ ಹೋದ. ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದವನು ಮಾಡುವ ಕೆಲಸವೇ ಇದು? ಗೇಟಿಗೆ ಪೊರಕೆ ತೂಗುಹಾಕಿದರೆ ‘ಮನೆಯ ವೈನ್ ಸಿದ್ಧವಾಗಿದೆ, ಒಳಗೆ ಬನ್ನಿ’ ಎಂದರ್ಥ. ಇಲ್ಲಿ ತೊಟ್ಟಿಲ ಕೂಸಿಗೂ ಅದು ಗೊತ್ತು. ಆದರೆ ಅವನ ತಲೆ ತುಂಬ ಪಕ್ಕದ ಮನೆಯ ಗೆರ್ಲಿಂಡೆಯೇ ಇದ್ದಳು.

ಮೂರು ಬೇಸಿಗೆಯಿಂದ ಅವಳ ಗೇಟಿನಲ್ಲಿ ಪೊರಕೆ, ಅಂಗಳದಲ್ಲಿ ಪ್ರವಾಸಿಗರು. ಕುಡಿದು ಹಾಡಿ ಎಂಗೆಲ್ಬರ್ಟನ ಮಧ್ಯಾಹ್ನದ ನಿದ್ದೆಗೆ ಕಲ್ಲು ಹಾಕಿದ್ದರು. ಪುರಸಭೆಗೆ ಹನ್ನೊಂದು ದೂರು ಬರೆದ ಮೇಲೆ ಅಂತೂ ಇವತ್ತು ಮೂರು ಗಂಟೆಗೆ ಅಧಿಕಾರಿಣಿ ಬಂದು ಆ ಗದ್ದಲವನ್ನು ಕಿವಿಯಾರೆ ಕೇಳಲಿದ್ದಳು. ಗೆರ್ಲಿಂಡೆಯ ಅಂಗಳ ಮುಚ್ಚಬೇಕು, ಇವನು ನಿದ್ದೆ ಮಾಡಬೇಕು. ಕೇಳಿದ್ದು ಇಷ್ಟೇ.

ಒಂದು ಗಂಟೆಗೆ ಎಂಟು ಮಂದಿ ಸೈಕಲ್ ಸವಾರರು ಬಂದು ಅವನ ಬೆಂಚಿನ ಮೇಲೆ ಕೂತರು.

“ತಾತ, ರೀಸ್ಲಿಂಗ್ ವೈನ್ ತನ್ನಿ. ತಣ್ಣಗಿರ್ಲಿ!”

“ಯಾರ್ರೀ ನೀವು? ಇದೇನು ಛತ್ರಾನಾ? ಏಳ್ರಿ ಮೇಲೆ!”

ಅವರು ಹೊಟ್ಟೆ ಹಿಡಿದು ನಕ್ಕರು. “ಇಲ್ಲಿನೋರ ಬಾಯಿ ಒರಟು, ಮನಸ್ಸು ಬೆಣ್ಣೆ ಅಂತಿದ್ರು. ನಿಜಾನೇ!”

ಕೂಗಾಟ ಕೇಳಿ ಎದುರುಮನೆಯ ಅಲೋಯ್ಸ್ ಓಡಿಬಂದ. “ಪೊರಕೆ ಹಾಕ್ಬಿಟ್ಟು ಬಾಯಾರಿದೋರನ್ನ ಓಡಿಸ್ತೀಯಾ? ಓಣಿ ಮರ್ಯಾದೆ ತೆಗೀಬೇಡ ಮಾರಾಯ!”

“ಅಯ್ಯೋ, ಅದು ಒಣಗೋಕೆ ಹಾಕಿದ್ದು ಕಣೋ!”

ಕೇಳುವವರಾರು? ಅಲೋಯ್ಸ್ ಆಗಲೇ ಎಂಗೆಲ್ಬರ್ಟನ ನೆಲಮಾಳಿಗೆಗೆ ಇಳಿದು ಕಂಕುಳ ತುಂಬ ಬಾಟಲಿ ತಂದಿದ್ದ. ಎಂಗೆಲ್ಬರ್ಟ್ ಪೊರಕೆ ಕಿತ್ತು ಬಿಸಾಡುವಷ್ಟರಲ್ಲಿ ದೋಣಿಯೊಂದು ದಡ ಮುಟ್ಟಿ ಇನ್ನೂ ಮೂವತ್ತು ಜನ ನುಗ್ಗಿದರು. ಹೊಸ ಜಾಗ ಎಂದು ಗೆರ್ಲಿಂಡೆಯ ಗಿರಾಕಿಗಳೂ ಲೋಟ ಸಮೇತ ಇತ್ತಲೇ ಬಂದರು.

ಒಬ್ಬ ವೈನಿಗೆ ಸೋಡಾ ಸುರಿದ. ಎಂಗೆಲ್ಬರ್ಟನ ಪಿತ್ತ ನೆತ್ತಿಗೇರಿತು.

“ಲೇ! ಏಣಿ ಹತ್ತಿದ ಹಾಗೆ ಆ ಗುಡ್ಡ ಹತ್ತಿ, ಬೆನ್ನ ಮೇಲೆ ಹೊತ್ತು ಇಳಿಸಿದ ದ್ರಾಕ್ಷಿ ಕಣೋ ಅದು! ಎರಡು ಮಂಡಿನೂ ಸವೆಸಿದೀನಿ. ಸೋಡಾಕ್ಕಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲೋಯ್ಸ್ ಅಕಾರ್ಡಿಯನ್ ತಂದು ಮೇಳ ಶುರುಮಾಡಿದ. ನಲವತ್ತು ಗಂಟಲು, ನಲವತ್ತು ಶ್ರುತಿ. ಬೈದರೂ ಬೈಸಿಕೊಳ್ಳದ ಜನರಿಗೆ ಏನು ಮಾಡುವುದು ಹೇಳಿ!

ಮೂರಕ್ಕೆ ಸರಿಯಾಗಿ ಅಧಿಕಾರಿಣಿ ಬಂದಳು. ಮೊದಲು ಗೆರ್ಲಿಂಡೆಯ ಗೇಟಿನ ಮುಂದೆ ನಿಂತಳು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗೆರ್ಲಿಂಡೆ ಒಬ್ಬಳೇ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಆಮೇಲೆ ಅಧಿಕಾರಿಣಿ ಇತ್ತ ತಿರುಗಿ ಕಿವಿ ಮುಚ್ಚಿಕೊಂಡಳು.

“ನಿಮ್ಮ ದೂರಲ್ಲಿ ಬರೆದಿದ್ದೆಲ್ಲಾ ನಿಜ ಕ್ರಿಂಗ್ಸ್ ಅವರೇ. ಅಬ್ಬಬ್ಬಾ, ಏನು ಗಲಾಟೆ!”

“ನೋಡಿದ್ರಾ ಮೇಡಂ!” ಎಂಗೆಲ್ಬರ್ಟನ ಕಣ್ಣು ತುಂಬಿಬಂತು.

“ನೋಡ್ದೆ. ಮಾಡ್ತಿರೋರು ನೀವು. ಪಕ್ಕದ ಮನೆಯವರು ಒಂದು ಮಾತು ಹೇಳಿದ್ರೆ ಈಗಲೇ ಕ್ರಮ ತಗೋತೀನಿ.”

ಗೋಡೆಯಾಚೆಯಿಂದ ಗೆರ್ಲಿಂಡೆ ಇಣುಕಿದಳು. “ಬೇಡಿ ಮೇಡಂ, ಪಾಪ, ವಯಸ್ಸಾದೋರು. ಅಕ್ಕಪಕ್ಕದವರು ಅಂದ್ಮೇಲೆ ಒಂಚೂರು ಸಹಿಸ್ಕೋಬೇಕಲ್ವಾ?”

ಇಡೀ ಅಂಗಳ ಎದ್ದುನಿಂತು ಗೆರ್ಲಿಂಡೆಗೆ ಜೈಕಾರ ಹಾಕಿತು. ಅಧಿಕಾರಿಣಿ ಹಾಳೆಯೊಂದನ್ನು ಬರೆದು ಎಂಗೆಲ್ಬರ್ಟನ ಮುಂದಿಟ್ಟಳು: ‘ನೆರೆಮನೆಯವರ ಸಹನೆಗೆ ನಾನು ಚಿರಋಣಿ. ಇನ್ನು ಮುಂದೆ ಅವರ ಮೇಲೆ ದೂರು ಕೊಡುವುದಿಲ್ಲ.’

ಎಂಗೆಲ್ಬರ್ಟ್ ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.