ಒಂದೇ ತೋಳು, ಎರಡು ಬಿಪಿ

ಯಾರೂ ಗುಂಪಾಗಿ ಬಸುರಿಯಾಗುವುದಿಲ್ಲ; ಆದ್ದರಿಂದ ಗುಂಪಾಗಿ ತಪಾಸಣೆಗೆ ಹೋಗುವ ಅಗತ್ಯವೂ ಇಲ್ಲ. ಇದು ನನ್ನ ವಾದ. ವಾದ ನನಗೆ ಹೊಸದೇನಲ್ಲ. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹನ್ನೊಂದು ಕಪ್ಪುಗಳು ನಮ್ಮ ಹಿರಿಯೂರಿನ ಮನೆಯ ಶೋಕೇಸಿನಲ್ಲಿವೆ. ಒಂದರಲ್ಲಿ ನಮ್ಮತ್ತೆ ಊದಿನಕಡ್ಡಿ ಇಡುತ್ತಾರೆ.

"ಮದುವೇಲಿ ಎಲ್ರ ಜತೆ ಕುಂತು ಉಣ್ಣಲ್ವೇನೇ? ಹಂಗಂತ ಹೊಟ್ಟೆ ಪಂಕ್ತಿಗೆಲ್ಲ ಒಂದೇನಾ?" ಎಂದರು ನನ್ನ ಗಂಡ ನಾಗರಾಜ. ಕೊಬ್ಬರಿ ವ್ಯಾಪಾರಿ.

"ಅದು ಅಸಂಬದ್ಧ ಹೋಲಿಕೆ ರೀ!" ಎಂದು ತಳ್ಳಿಹಾಕಿದೆ.

ನಮ್ಮ ಆರೋಗ್ಯ ಕೇಂದ್ರದ ವ್ಯವಸ್ಥೆಯೇ ಹೀಗೆ. ತಿಂಗಳಿಗೊಂದು ಗುರುವಾರ ಹತ್ತು ಹನ್ನೆರಡು ಬಸುರಿಯರನ್ನು ಚಾಪೆಯ ಮೇಲೆ ಸುತ್ತಲೂ ಕೂರಿಸುತ್ತಾರೆ. ಸಿಸ್ಟರ್ ಎದುರಿಗೇ ಒಬ್ಬರ ಬಿಪಿಯನ್ನು ಇನ್ನೊಬ್ಬರು ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಅದಲ್ಲದೆ ಬೇರೊಂದು ದಿನ ಡಾಕ್ಟರನ್ನು ಒಬ್ಬೊಬ್ಬರೇ ಕಾಣಬೇಕು.

ಕರೆಯಲು ಬಂದ ಆಶಾ ಕಾರ್ಯಕರ್ತೆ ಗಂಗಕ್ಕನನ್ನು ಕೇಳಿದೆ: "ಎರಡೂ ಒಂದೇ ಆದ್ರೆ ಎರಡು ಯಾಕೆ? ಬೇರೆ ಬೇರೆ ಆದ್ರೆ ಯಾವುದು ಸರಿ?"

ಗಂಗಕ್ಕ ಗಂಭೀರವಾಗಿ ಯೋಚಿಸಿದರು. "ಗುರ್ವಾರ ಹತ್ತು ಗಂಟೆಗೆ ಬಾರವ್ವ" ಎಂದರು.

ಖಂಡಿಸಬೇಕೆಂಬ ಸದುದ್ದೇಶದಿಂದಲೇ ಹೋದೆ. ಪಕ್ಕದಲ್ಲಿ ನೂರ್‌ಜಹಾನ್. ಟೈಲರ್ ಹೆಂಡತಿ, ಮೂರನೇ ಬಸಿರು. ಎರಡನೇ ಹೆರಿಗೆಗೆ ಗಡಿಬಿಡಿಯಲ್ಲಿ ಹೊರಟ ಅವಳ ಗಂಡ, ಮಗುವಿನ ಬಟ್ಟೆಯ ಚೀಲ ಬಿಟ್ಟು ಯಾವುದೋ ಮದುವಣಗಿತ್ತಿಯ ಆರು ಬ್ಲೌಸುಗಳನ್ನು ಆಸ್ಪತ್ರೆಗೆ ತಂದಿದ್ದನಂತೆ! ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಕತೆ ಮುಗಿಸಿ ಅವಳು ನನ್ನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಆ ಆರು ಬ್ಲೌಸುಗಳು ನನ್ನ ಕಣ್ಣ ಮುಂದೆಯೇ ತೂಗಾಡುತ್ತಿದ್ದವು. ಬಿಪಿ 116/74.

"ಬಂಗಾರದಂಗೆ ಐತೆ" ಎಂದರು ಸಿಸ್ಟರ್.

ಆಮೇಲೆ ಗೋಡೆಯ ಮೇಲಿನ ಸೂಚನೆಗಳನ್ನು ನೂರ್‌ಜಹಾನ್ ಗಟ್ಟಿಯಾಗಿ ಓದಿದಳಂತೆ. ನಾನು ಕೇಳಿಸಿಕೊಳ್ಳಲಿಲ್ಲ. ಗುಂಪು ತಪಾಸಣೆಯ ದೋಷಗಳನ್ನು ಆಚೆ ಪಕ್ಕದವಳಿಗೆ ವಿವರಿಸುತ್ತಿದ್ದೆ.

ತಿಂಗಳಾಗುತ್ತ ಬಂದಾಗ, ಒಂದು ಬುಧವಾರ, ಡಾಕ್ಟರ್ ಮುಂದೆ ಒಬ್ಬಳೇ ಕುಳಿತೆ. ಇದಪ್ಪಾ ವೈಜ್ಞಾನಿಕ ಪದ್ಧತಿ! ಇದೇ ಯಾಕೆ ಶ್ರೇಷ್ಠ ಎಂಬುದನ್ನು ಅವರಿಗೂ ಹೇಳತೊಡಗಿದೆ. ಸಿಸ್ಟರ್ ಬಿಪಿ ನೋಡಿದರು. 148/94.

ಡಾಕ್ಟರ್ ಕನ್ನಡಕ ಸರಿಮಾಡಿಕೊಂಡರು. "ಸ್ವಲ್ಪ ಸುಮ್ನೆ ಕುಂತ್ಕಳಮ್ಮ, ಇನ್ನೊಂದ್ಸಲ ನೋಡಾಣ" ಎಂದು ಹೇಳಿ ಹೊರಗಿನ ಇನ್ನೊಬ್ಬ ರೋಗಿಯನ್ನು ನೋಡಲು ಹೋದರು.

ಸುಮ್ಮನೇ ಕುಳಿತೆ. ಕಾಲು ಕೂಡ ಅಲ್ಲಾಡಿಸಲಿಲ್ಲ. ಒಂದೇ ತೋಳಿಗೆ ಎರಡು ಬಿಪಿ ಇರುವುದು ತರ್ಕಕ್ಕೆ ಹೇಗೆ ವಿರುದ್ಧ ಎಂದು ಸಿಸ್ಟರಿಗೆ ಹೇಳಿದೆ, ಅಷ್ಟೇ. 152/96!

ಮೂತ್ರ ಪರೀಕ್ಷೆಯಲ್ಲಿ ಏನೂ ದೋಷ ಕಾಣಲಿಲ್ಲ. ಆದರೂ ಡಾಕ್ಟರ್ ನಗಲಿಲ್ಲ. "ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ತಕ್ಷಣ ಬನ್ನಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ. ನಾಳೇನೂ ಹಿಂಗೇ ಇದ್ರೆ ಚಿತ್ರದುರ್ಗಕ್ಕೆ ಕಳಿಸ್ತೀನಿ, ಅಡ್ಮಿಟ್ ಆಗ್ಬೇಕು. ಹೆರಿಗೆ ಬೇಗ ಮಾಡ್ಸೋ ಪ್ರಸಂಗಾನೂ ಬರಬಹುದು."

ಬೇಗ ಎಂದರೆ? ಇನ್ನೂ ಎಂಟನೇ ತಿಂಗಳು!

ಮನೆಯಲ್ಲಿ ಅತ್ತೆ ಉಪ್ಪಿನಕಾಯಿ ಜಾಡಿಯನ್ನು ಅಟ್ಟಕ್ಕೇರಿಸಿದರು. ಗಂಡ ಬ್ಯಾಗು ತುಂಬತೊಡಗಿದರು. ನಾನು ಹಾಳೆ ತೆಗೆದು ಪರ, ವಿರೋಧ ಎಂದು ಗೆರೆ ಎಳೆದೆ. ಯಂತ್ರ ಕೆಟ್ಟಿತ್ತೇ? ಕುರ್ಚಿಯ ತಪ್ಪೇ? ಚಾಪೆಗೂ ರಕ್ತದೊತ್ತಡಕ್ಕೂ ಏನಾದರೂ ಸಂಬಂಧವಿದೆಯೇ? ಬರೆದಷ್ಟೂ ತಲೆ ಗೋಜಲಾಯಿತು. ಒಳಗಿಂದ ಮಗು ಒಮ್ಮೆ ಒದೆಯಿತು. ಹಾಳೆ ಮಡಚಿಟ್ಟೆ.

ಮರುದಿನ ಗುರುವಾರ. ಚಾಪೆಯ ಮೇಲೆ ನಮ್ಮ ಗುಂಪು ಪೂರ್ತಿ ಸೇರಿತ್ತು. ಡಾಕ್ಟರ್ ಇನ್ನೂ ಬಂದಿರಲಿಲ್ಲ. ಸಿಸ್ಟರ್ ಪಟ್ಟಿ ಸುತ್ತಿದ ಕೂಡಲೇ, ಕುರ್ಚಿ ಬೇಡ, ಚಾಪೆಯೇ ಸರಿ ಎಂದು ಕಾರಣ ಸಮೇತ ಹೇಳಿದೆ. 150. ಯಂತ್ರ ಬದಲಿಸಬೇಕೆಂದು ವಾದಿಸಿದೆ. ಬದಲಿಸಿದರು. 151. ಎಡಗೈಯನ್ನು ಪರಿಗಣಿಸದಿರುವುದು ಪಕ್ಷಪಾತ ಎಂದೆ. ಎಡಗೈ 154!

ಸಿಸ್ಟರ್ ಚಿತ್ರದುರ್ಗದ ಚೀಟಿಯ ಪುಸ್ತಕ ತೆಗೆದರು. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಗಂಡನ ಮುಖ ಸುಣ್ಣವಾಯಿತು. ಕೈ ಹೊಟ್ಟೆಯ ಮೇಲಿದ್ದರೂ ನನ್ನ ಬಾಯಿ ಮಾತ್ರ ನಿಂತಿರಲಿಲ್ಲ. ಹೆದರಿಕೆಯಾದಷ್ಟೂ ನನ್ನ ವಾದ ಬಲವಾಗುತ್ತದೆ.

ಆಗ ನೂರ್‌ಜಹಾನ್ ಎಂದಳು: "ಸಿಸ್ಟರ್, ಇವ್ರ ಬಾಯಿಗೊಂದು ಥರ್ಮಾಮೀಟರ್ ಇಡ್ರಿ. ಆಮೇಲೆ ನೋಡ್ರಿ."

"ಯಾಕೆ, ಜ್ವರ ಐತಾ?"

"ಜ್ವರ ಇಲ್ಲ ಸಿಸ್ಟರ್. ಬಾಯಿ ಐತೆ."

ಚಾಪೆಯ ಮೇಲಿದ್ದ ಹೊಟ್ಟೆಗಳೆಲ್ಲ ಕುಲುಕಿದವು. ಸಿಸ್ಟರ್ ನನ್ನ ಮುಖ ನೋಡಿದರು, ಗೋಡೆ ನೋಡಿದರು, ಥರ್ಮಾಮೀಟರ್ ತಂದು ನಾಲಿಗೆಯ ಕೆಳಗಿಟ್ಟರು. ಐದು ನಿಮಿಷ! ಹುಟ್ಟಿದ ಮೇಲೆ, ನಿದ್ದೆ ಬಿಟ್ಟರೆ, ನಾನು ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು. ಮಾಡಲು ಬೇರೇನೂ ಇಲ್ಲದೆ ನಾನೂ ಗೋಡೆ ಓದಿದೆ. ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಿಪಿ ನೋಡುವ ಮೊದಲು ಐದು ನಿಮಿಷ ವಿಶ್ರಾಂತಿ. ನೋಡುವಾಗ ಮಾತಾಡಬಾರದು.

118/76.

ಅಷ್ಟರಲ್ಲಿ ಬಂದ ಡಾಕ್ಟರ್ ನಂಬದೆ ಎರಡು ಸಲ ತಾವೇ ನೋಡಿದರು. ಥರ್ಮಾಮೀಟರ್ ತೆಗೆಯಲು ಬಿಡಲಿಲ್ಲ. 116. 117. ಚೀಟಿಯ ಪುಸ್ತಕ ಒಳಗೆ ಹೋಯಿತು. ಅಡ್ಮಿಟ್ ಬೇಡ, ವಾರಕ್ಕೊಮ್ಮೆ ಬಂದು ತೋರಿಸಿದರೆ ಸಾಕು ಎಂದರು. ಗುಂಪಿಗೂ ಬರಬೇಕು, ಒಬ್ಬಳೇ ಬಂದು ತಮ್ಮನ್ನೂ ಕಾಣಬೇಕು. ಎರಡೂ ಯಾಕೆ ಎಂದು ಕೇಳಬೇಕೆನಿಸಿತು. ಬಾಯಲ್ಲಿ ಥರ್ಮಾಮೀಟರ್ ಇತ್ತು.

ಸಂಜೆ ಗಂಡ ಅಂಗಡಿಯಿಂದ ಬರುವಾಗ ಮೆಡಿಕಲ್ ಶಾಪಿಗೆ ಹೋಗಿ ಒಂದು ಥರ್ಮಾಮೀಟರ್ ತಂದರು. ಹನ್ನೆರಡನೆಯ ಕಪ್ಪಿನ ಹಾಗೆ ಶೋಕೇಸಿನಲ್ಲೇ ಇಟ್ಟಿದ್ದಾರೆ. ಕೈಗೆ ಸಿಗುವ ಹಾಗೆ, ಮುಂದಿನ ಸಾಲಿನಲ್ಲಿ. ನಾನು "ಮೊದಲನೆಯದಾಗಿ..." ಎಂದು ಬಾಯಿ ತೆರೆದರೆ ಸಾಕು, ಅತ್ತೆ, ಗಂಡ ಇಬ್ಬರೂ ಅತ್ತ ಕೈ ಚಾಚುತ್ತಾರೆ.

ಮನೆಯಲ್ಲಿ ಯಾರಿಗೂ ಜ್ವರ ಇಲ್ಲ.