ಮೂರು ಬ್ಯಾಟರಿ, ಒಂದು ಗೇಟು

ಕಬ್ಬಿಣಕ್ಕೂ ನನಗೂ ಮೂವತ್ತೆರಡು ವರ್ಷಗಳ ನಂಟು. ಫ್ಯಾಕ್ಟರಿಯ ವೆಲ್ಡಿಂಗ್ ಸೆಕ್ಷನ್ನಿಗೆ ನಾನು ಕಾಲಿಟ್ಟರೆ ಸಾಕು, ಮುರಿದ ಕಬ್ಬಿಣ ನಾಚಿಕೊಂಡು ತಾನಾಗಿ ಕೂಡಿಕೊಳ್ಳುತ್ತಿತ್ತು! ಅಂಥವನಿಗೆ ಸ್ವಂತ ಹೊಲದ ಗೇಟಿನ ಮುರಿದ ಕೀಲು ಬೆಸೆಯುವುದು ಯಾವ ಮಹಾ ಕೆಲಸ? ಹಾಗೆಂದು ಸಂಕ್ರಾಂತಿ ಕಳೆದ ಒಂದು ಮಂಕು ಬೆಳಗ್ಗೆ, ಕೆಂಗೇರಿ ಉಪನಗರದ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಹೆಂಡತಿ ಮುನಿಲಕ್ಷ್ಮಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಲೂ ಇಲ್ಲ.

"ರೀ, ನೀವಲ್ಲಿ ಹಾಜರಿ ಹಾಕ್ತಿದ್ರಿ. ವೆಲ್ಡಿಂಗ್ ಮಾಡ್ತಿದ್ದೋರು ಬೇರೆಯವ್ರು."

"ಹಾಜರಿ ಹಾಕೋನಿಗೆ ಕಣ್ಣಿರಲ್ವೇನೇ? ಮೂವತ್ತೆರಡು ವರ್ಷ ನೋಡಿದೀನಿ!"

"ನಾನು ಮುದ್ದೆ ತಿರುವೋದನ್ನ ನಲವತ್ತು ವರ್ಷದಿಂದ ನೋಡಿದೀರ. ಬನ್ನಿ, ತಿರುವಿ."

ಇಂಥ ಸಣ್ಣ ಮಾತಿಗೆ ದೊಡ್ಡವರು ಉತ್ತರ ಕೊಡುವುದಿಲ್ಲ.

ನಮ್ಮದು ಕೆಂಗೇರಿಯಾಚೆ ಒಂದೂವರೆ ಎಕರೆ. ಅರ್ಧ ಬೆಂಗಳೂರಿಗೆ ದೀಪ ಹಚ್ಚುವ ಹೈಟೆನ್ಷನ್ ತಂತಿ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ನಮ್ಮ ಪಾಲಿಗೆ ಅದರಿಂದ ಬೀಳುವುದು ಕಾಗೆಯ ಹಿಕ್ಕೆ ಮಾತ್ರ! ಹೊಲಕ್ಕೆ ಕರೆಂಟೇ ಇಲ್ಲ. ಹೋದ ವಾರ ನೀರಿನ ಟ್ಯಾಂಕರೊಂದು ಹಿಂದೆ ಸರಿಯುವಾಗ ಗುದ್ದಿ ಗೇಟಿನ ಕೀಲು ಮುರಿದಿತ್ತು. ಹೆಂಡತಿ ಒಣ ಜಾಲಿಮುಳ್ಳಿನ ಕಂತೆಯೊಂದನ್ನು ಅಡ್ಡ ಎಳೆದಿದ್ದಳು. ಪಕ್ಕದ ಲೇಔಟಿನ ಬೀಡಾಡಿ ದನಗಳು ದಿನವೂ ಬಂದು, ಮೂಸಿ, ನಿಟ್ಟುಸಿರಿಟ್ಟು ಹೋಗುತ್ತಿದ್ದವು.

ಒಳಗಿದ್ದದ್ದು ಆರು ಸಾಲು ಅವರೆ. ಬರೀ ಅವರೆಯಲ್ಲ, ನನ್ನ ಅತ್ತೆಯ ಮನೆಯ ಅವರೆ. ಮಾರೇನಹಳ್ಳಿಯ ಅವರ ಹೊಲ ಸೈಟುಗಳಾಗಿ ಯಾವ ಕಾಲವಾಯಿತೋ! ಹೋದ ವರ್ಷ ಅತ್ತೆ ತೀರಿಕೊಂಡಾಗ ಗಡಿಗೆಯ ತಳದಲ್ಲಿ ಬೂದಿ ಬೆರೆಸಿಟ್ಟ ಒಂದು ಮುಷ್ಟಿ ಬೀಜ ಸಿಕ್ಕಿತ್ತು. ಆ ತಳಿ ಈಗ ಭೂಮಿಯ ಮೇಲಿದ್ದದ್ದು ಆ ಆರು ಸಾಲಿನಲ್ಲಿ ಮಾತ್ರ. ಬೀಜಕ್ಕೆಂದು ಹೆಂಡತಿ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟಿದ್ದಳು. ಇನ್ನೆರಡು ದಿನ ಬಿಸಿಲು ಬೀಳಲಿ ಎಂದು ಕಾಯುತ್ತಿದ್ದಳು. ಮೋಡ ಕವಿದೇ ಇತ್ತು.

ರಾಡು, ಮುಖವಾಡ ಕೇಳಲು ವೆಲ್ಡಿಂಗ್ ಅಂಗಡಿಯ ಚನ್ನವೀರೇಶನ ಬಳಿ ಹೋದೆ. ಹಾವೇರಿ ಕಡೆಯ ಹುಡುಗ.

"ಅಲ್ಲಿ ಕರೆಂಟ್ ಇಲ್ಲನ್ರಿ ಸಾರ? ಹಂಗಾರ ಗೇಟ್ ಬಿಚ್ಚಿ ಆಟೋದಾಗ ಹಾಕ್ಕೊಂಡ್ ಬರ್ರಿ. ಹತ್ತು ಮಿನಿಟಿನ ಕೆಲಸ ಐತಿ."

ಗೇಟು ಆಟೋ ಹತ್ತಿದರೆ ನನ್ನ ಮರ್ಯಾದೆಯೂ ಅದರ ಪಕ್ಕದಲ್ಲೇ ಕೂತು ಹೋದ ಹಾಗೆ! ರಾಡು, ಮುಖವಾಡ ಮಾತ್ರ ಇಸಿದುಕೊಂಡು ಹೊರಟೆ. ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಮೂರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ವೆಲ್ಡಿಂಗ್ ಮಾಡಿ ತೋರಿಸಿದ್ದ. ಮನೆಯ ಯುಪಿಎಸ್‌ನದೊಂದನ್ನು ಕಿತ್ತೆ. ಕಾರಿನಲ್ಲಿ ಒಂದು ಇದ್ದೇ ಇತ್ತು. ಮೂರನೆಯದು ಪಕ್ಕದ ಹೊಲದಲ್ಲಿದ್ದ ಬಾಮೈದ ಭೈರೇಶನ ಟ್ರ್ಯಾಕ್ಟರಿನದು.

"ಭಾವ, ಮಧ್ಯಾಹ್ನ ಗೊಬ್ಬರ ಹೊಡೀಬೇಕು ಕಣಪ್ಪ..."

"ಮಧ್ಯಾಹ್ನದೊಳಗೆ ನಿನ್ನ ಟ್ರ್ಯಾಕ್ಟರಿಗೆ ರೆಕ್ಕೆ ಬೆಸೆದು ಕೊಡ್ತೀನಿ, ಸುಮ್ನಿರೋ!"

ಹೊಲದಲ್ಲಿ ಮುಳ್ಳುಕಂತೆ ಎಳೆದು ಬದಿಗಿಟ್ಟೆ. ಕೈಕಾಲು ಆಡಿಸಲು ಜಾಗ ಬೇಕಲ್ಲ, ಗೇಟನ್ನು ಪೂರಾ ತೆರೆದು, ಅಡಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದೆ.

"ಕಂತೆ ಇನ್ನೂ ದೂರ ಇಡ್ರೀ. ಗರಿಗರಿ ಒಣಗಿದೆ," ಎಂದಳು ಹೆಂಡತಿ, ಅವರೆ ಸಾಲಿನಿಂದ.

"ನೀನು ಅವರೆ ನೋಡ್ಕೊಳೇ!"

ಮುಖವಾಡ ಹಾಕಿದೆ. ಲೋಕ ಕತ್ತಲಾಯಿತು. ರಾಡು ಮುಟ್ಟಿಸಿದ್ದೇ ತಡ, ಚಟಚಟ ಚಟಾರ್! ಆ ಕಿಡಿಗಳನ್ನು ಕಂಡು ಬಿಡದಿಯವರು ದೀಪಾವಳಿ ಮರೆತದ್ದೇನನ್ನೋ ಒಯ್ಯಲು ತಿರುಗಿ ಬಂದಿದೆ ಎಂದುಕೊಂಡಿರಬೇಕು! ಅರ್ಧ ಗಂಟೆ ಬೆಸೆದೆ. ನಡುವೆ ಹೊಗೆಯ ವಾಸನೆ ಬಂತು. ನನ್ನ ಪ್ರತಾಪದ ಪರಿಮಳವೆಂದು ಮುಂದುವರಿಸಿದೆ. ಹೆಂಡತಿ ಕೂಗಿದಳು. ಹೊಗಳುತ್ತಿದ್ದಾಳೆ ಎಂದುಕೊಂಡೆ. ಮುಖವಾಡ ತೆಗೆದಾಗ ಮುಳ್ಳುಕಂತೆ ಇದ್ದ ಜಾಗದಲ್ಲಿ ಒಂದು ಹಿಡಿ ಬೂದಿಯಿತ್ತು. ಅವಳು ಖಾಲಿ ಬಿಂದಿಗೆ ಹಿಡಿದು ನಿಂತಿದ್ದಳು.

"ಹೋಗ್ಲಿ ಬಿಡೇ, ಇನ್ನು ಕಂತೆ ಯಾಕೆ? ಗೇಟು ರೆಡಿ!"

ಠೀವಿಯಿಂದ ಗೇಟು ಎಳೆದೆ. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದೆ. ಕಂಬ ಅಲ್ಲಾಡಿತೇ ಹೊರತು ಗೇಟು ಅಲ್ಲಾಡಲಿಲ್ಲ! ತಿರುಗಬೇಕಾದ ಕೀಲನ್ನೂ ಅದು ಕೂರುವ ಬಟ್ಟಲನ್ನೂ ಸೇರಿಸಿ, ಬ್ರಹ್ಮನಿಗೂ ಬಿಡಿಸಲಾಗದಂತೆ ಬೆಸೆದಿದ್ದೆ. ಅದೂ ಪೂರಾ ತೆರೆದ ಸ್ಥಿತಿಯಲ್ಲಿ! ಮತ್ತೆ ಕರಗಿಸೋಣವೆಂದರೆ ಮೂರು ಬ್ಯಾಟರಿಗಳೂ ಪ್ರಾಣ ಬಿಟ್ಟಿದ್ದವು. ಚನ್ನವೀರೇಶನನ್ನು ಕರೆತರೋಣವೆಂದರೆ ಕಾರು ಕೆಮ್ಮಲೂ ಇಲ್ಲ.

ಆಗ ಬಂದವು ದನಗಳು. ಏಳು. ನೆಂಟರ ಮನೆಯ ಊಟಕ್ಕೆ ಬಂದವರಂತೆ, ಗಡಿಬಿಡಿಯಿಲ್ಲದೆ. ಒಂದನ್ನು ಅಟ್ಟಿದರೆ ಎರಡು ಒಳಗೆ. ಅರವತ್ತೆಂಟರ ನಾನು, ಅರವತ್ತೆರಡರ ಅವಳು, ಆರು ಸಾಲು. ಭೈರೇಶ ದೊಣ್ಣೆ ಹಿಡಿದು ಓಡಿಬರುವ ಹೊತ್ತಿಗೆ ಊಟ ಮುಗಿದು, ದನಗಳು ಮೆಲುಕು ಹಾಕುತ್ತಾ ಹೊರಗೆ ನಿಂತಿದ್ದವು.

ಬೈದಿದ್ದರೆ ಬದುಕುತ್ತಿದ್ದೆ. ಅವಳು ಬೈಯಲಿಲ್ಲ. ತುಳಿದ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಮಣ್ಣಿಗೆ ಬಿದ್ದ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ನಾನೂ ಕೂತು ಹೆಕ್ಕಿದೆ. ಬೆನ್ನು ನೋಯುತ್ತಿತ್ತು. ಹೇಳಲಿಲ್ಲ. ಕೊನೆಗೆ ಅವಳು ಬಿಡಿಸಿ ಅಂಗೈಯಲ್ಲಿ ಹಿಡಿದಾಗ ಒಂದು ಮುಷ್ಟಿ ಆಗಿತ್ತು.

"ಅವ್ವ ಬಿಟ್ಟು ಹೋಗಿದ್ದೂ ಇಷ್ಟೇ," ಎಂದಳು, ಯಾರಿಗೋ ಹೇಳುವವಳಂತೆ.

ಸೆರಗಿನ ತುದಿಗೆ ಗಂಟು ಹಾಕಿ, ಮಚ್ಚು ತೆಗೆದುಕೊಂಡು ಎದ್ದಳು. ಹೊರಗೆ ದನಗಳು ಇನ್ನೂ ಉಳಿದ ಕಡ್ಡಿಯ ಕಡೆಗೇ ನೋಡುತ್ತಿದ್ದವು.

"ನಾನೇನು ಮಾಡ್ಲೇ?" ಎಂದೆ, ಇದ್ದಬದ್ದ ವಿನಯವನ್ನೆಲ್ಲ ಕೂಡಿಸಿಕೊಂಡು.

ಅವಳು ನನ್ನನ್ನು ಗೇಟಿನ ಜಾಗದಲ್ಲಿ, ಎರಡು ಕಂಬಗಳ ನಡುವೆ ನಿಲ್ಲಿಸಿ, ಎರಡೂ ಕೈಗಳನ್ನು ಅಗಲಿಸಿದಳು.

"ಮೂವತ್ತೆರಡು ವರ್ಷ ಊರೋರ ಹಾಜರಿ ಹಾಕಿದ್ರಲ್ಲ, ಇವತ್ತು ನೀವೇ ಹಾಜರಿರಿ. ನಾನ್ ಮುಳ್ಳು ಕಡ್ಕೊಂಡ್ ಬರ್ತೀನಿ."